ಹಳೆಯ ಕಾರಿಗೆ ಹೊಸ ಬ್ಯಾಟರಿ

ವಿದ್ಯುತ್ ಕಾರು ಈಗ ಬೆಂಗಳೂರಿಗರ ಸೊತ್ತಾಗಿಯೇ ಉಳಿದಿಲ್ಲ. ನಮ್ಮ ತೆಂಗಿನ ಸೀಮೆಯ ರಸ್ತೆಗಳಲ್ಲಿಯೂ ಅದು ಓಡಾಡತೊಡಗಿದೆ. ಕೊಂಡ ಏಳೆಂಟು ವರ್ಷಗಳ ತರುವಾಯ ಅದರ ಒಡೆಯನಿಗೆ ಒಂದು ಚಿಂತೆ ಹತ್ತುವುದು ಸಹಜ. ಸೊರಗಿದ ಬ್ಯಾಟರಿಯನ್ನು ಬದಲಾಯಿಸಬೇಕೆ, ಕಾರನ್ನೇ ಮಾರಿ ಹೊಸದನ್ನು ಕೊಳ್ಳಬೇಕೆ? ಲಕ್ಷಾಂತರ ರೂಪಾಯಿಗಳ ಪ್ರಶ್ನೆಯಿದು. ಮಾರುವವರು ಹೊಸ ಕಾರಿನ ಕಡೆಗೇ ಕೈ ತೋರಿಸಿದರೆ ಆಶ್ಚರ್ಯವಿಲ್ಲ. ಭೌತಶಾಸ್ತ್ರವನ್ನು ಬೋಧಿಸುವ ನನಗೆ ಅದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ತೋರುತ್ತದೆ.

ಈ ಪ್ರಶ್ನೆ ಕನ್ನಡನಾಡಿಗೆ ಹೊಸದಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಚೇತನ್ ಮೈನಿಯವರ ಸಂಸ್ಥೆ ಹೊರತಂದ ರೇವಾ ಕಾರಿನಲ್ಲಿ ಆರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದ್ದರು. ಒಟ್ಟು 48 ವೋಲ್ಟು. ಧಾರಣೆ 200 ಆಂಪಿಯರ್-ಗಂಟೆ. ಗುಣಿಸಿದರೆ 9.6 ಯೂನಿಟ್ಟು. ಇಷ್ಟರಿಂದ ಆ ಪುಟ್ಟ ಕಾರು ಸುಮಾರು 80 ಕಿಲೋಮೀಟರು ಸಾಗುತ್ತಿತ್ತು. ಸೀಸದ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸವೆಯತಕ್ಕದ್ದೆಂಬುದು ಎಲ್ಲರೂ ಬಲ್ಲ ಸಂಗತಿ. ಆದುದರಿಂದ ಅದರ ಬದಲಾವಣೆಯು ಟೈರಿನ ಬದಲಾವಣೆಯಂತೆಯೇ ಒಂದು ನಿರೀಕ್ಷಿತ ಖರ್ಚಾಗಿತ್ತು. 2010ರಲ್ಲಿ ಸಂಸ್ಥೆಯು ಮಹೀಂದ್ರಾ ಕಂಪೆನಿಯ ವಶಕ್ಕೆ ಬಂದಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ ಇ-ಟು-ಓ ಕಾರು ಹೊರಬಂದಿತು. 2019ರಲ್ಲಿ ಅದರ ತಯಾರಿಕೆಯೂ ನಿಂತಿತು. ತಯಾರಿಕೆ ನಿಂತ ಕಾರಿಗೆ ಬ್ಯಾಟರಿ ಒದಗಿಸುವವರಾರು? ಪ್ರಶ್ನೆಯ ತಿರುಳು ಇಲ್ಲಿದೆ.

ಬ್ಯಾಟರಿ ಮುಪ್ಪಾಗುವುದೆಂದರೇನು? ಲಿಥಿಯಂ ಕೋಶದಲ್ಲಿ ಅಯಾನುಗಳು ಋಣಧ್ರುವದ ಗ್ರಾಫೈಟಿಗೂ ಧನಧ್ರುವಕ್ಕೂ ನಡುವೆ ಹೋಗಿ ಬರುತ್ತಿರುತ್ತವೆ. ಗ್ರಾಫೈಟಿನ ಮೈಮೇಲೆ ತೆಳುವಾದ ಪೊರೆಯೊಂದು ಬೆಳೆಯುತ್ತ ಹೋಗಿ ಒಂದಿಷ್ಟು ಲಿಥಿಯಮ್ಮನ್ನು ಶಾಶ್ವತವಾಗಿ ಹಿಡಿದಿಟ್ಟುಕೊಳ್ಳುತ್ತದೆ. ಧಾರಣೆ ಕುಗ್ಗುತ್ತದೆ, ಒಳರೋಧ ಏರುತ್ತದೆ. ಶಾಖ ಹೆಚ್ಚಿದಷ್ಟೂ ಈ ಕ್ರಿಯೆ ತ್ವರಿತ. ಪೂರ್ತಿ ಚಾರ್ಜು ಮಾಡಿದ ಕಾರನ್ನು ಬೇಸಗೆಯ ಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸಬಾರದೆನ್ನುವುದು ಇದಕ್ಕಾಗಿಯೇ.

ಆದರೆ ಕುಗ್ಗಿದ ಬ್ಯಾಟರಿ ಸತ್ತ ಬ್ಯಾಟರಿಯಲ್ಲ. 30 ಯೂನಿಟ್ಟಿನ ಬ್ಯಾಟರಿಯಿಂದ 240 ಕಿಲೋಮೀಟರು ಓಡುತ್ತಿದ್ದ ಕಾರು ನಾಲ್ಕನೆಯ ಒಂದು ಪಾಲು ಧಾರಣೆ ಕಳೆದುಕೊಂಡರೂ 180 ಕಿಲೋಮೀಟರು ಓಡುತ್ತದೆ. ಅಮ್ಮಸಂದ್ರದಿಂದ ತಿಪಟೂರಿಗೆ ಹೋಗಿ ಬಂದರೂ ನೂರು ಕಿಲೋಮೀಟರಾಗದು. ಬೆಂಗಳೂರಿಗೆ ಹೋದಾಗ ನಡುವೆ ಒಮ್ಮೆ ಚಾರ್ಜು ಮಾಡಿಕೊಳ್ಳಬೇಕಾದೀತು, ಅಷ್ಟೆ. ಅನೇಕರು ಬ್ಯಾಟರಿಯನ್ನೂ ಕೊಳ್ಳಬೇಕಾಗಿಲ್ಲ, ಕಾರನ್ನೂ ಕೊಳ್ಳಬೇಕಾಗಿಲ್ಲ! ಅನುಮಾನವಿದ್ದರೆ ಅಳೆದು ನೋಡಬಹುದು. ಶೇಕಡಾ 90ರಿಂದ 20ಕ್ಕೆ ಇಳಿಯುವವರೆಗೆ ಓಡಿಸಿ, ವ್ಯಯವಾದ ಯೂನಿಟ್ಟುಗಳನ್ನು 0.7ರಿಂದ ಭಾಗಿಸಿದರೆ ಈಗಿನ ಧಾರಣೆ ಹೆಚ್ಚುಕಡಮೆ ದೊರೆಯುತ್ತದೆ. ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು. ಬ್ಯಾಟರಿಯ ಪೆಟ್ಟಿಗೆಯನ್ನು ಮಾತ್ರ ಬಿಚ್ಚಕೂಡದು. ಇಂದಿನ ಕಾರುಗಳಲ್ಲಿ 300 ವೋಲ್ಟು, ಅದಕ್ಕೂ ಮೇಲೆ ಇರುವುದು ಸಾಮಾನ್ಯ, ಅದು ಪ್ರಾಣಾಪಾಯಕರ.

ನಮ್ಮ ತೋಟಗಳಲ್ಲಿ ಪಂಪಿನ ಮೋಟಾರು ಸುಟ್ಟರೆ ಯಾರೂ ಹೊಸ ಬಾವಿ ತೋಡಿಸುವುದಿಲ್ಲ, ವೈಂಡಿಂಗ್ ಕಟ್ಟಿಸುತ್ತಾರೆ. ಬ್ಯಾಟರಿಗೂ ಈ ವಿವೇಕ ಸಲ್ಲುತ್ತದೆ, ಒಂದು ಮಿತಿಯೊಳಗೆ. ಕೋಶಗಳು ಸರಣಿಯಲ್ಲಿರುವುದರಿಂದ, ಸಾಲಾಗಿ ನಿಂತು ಕೊಡ ದಾಟಿಸುವವರಲ್ಲಿ ಒಬ್ಬ ದಣಿದರೆ ಇಡೀ ಸಾಲೇ ನಿಲ್ಲುವಂತೆ, ಒಂದು ದುರ್ಬಲ ಕೋಶ ಉಳಿದವನ್ನೂ ತಡೆಯುತ್ತದೆ. ಮಿಕ್ಕವು ಗಟ್ಟಿಯಾಗಿದ್ದರೆ ಕೆಟ್ಟ ಕಂತೆಯೊಂದನ್ನೇ ಬದಲಾಯಿಸಿದರೆ ಸಾಕು. ಎಲ್ಲವೂ ಸಮನಾಗಿ ಮುಪ್ಪಾಗಿದ್ದರೆ ಒಂದು ಹೊಸ ಕಂತೆಯಿಂದ ಪ್ರಯೋಜನವಿಲ್ಲ. ಆಗ ಪೂರ್ಣ ಬ್ಯಾಟರಿಯೇ ಬೇಕು.

ಅದರ ಬೆಲೆ? 2010ರಲ್ಲಿ ಯೂನಿಟ್ಟಿಗೆ ಸಾವಿರ ಡಾಲರಿಗೂ ಮೇಲಿದ್ದ ಸರಾಸರಿ ಸಗಟು ಬೆಲೆ 2024ರಲ್ಲಿ 115 ಡಾಲರಿಗೆ ಇಳಿದಿತ್ತು. ಬಿಡಿಯಾಗಿ ಕೊಳ್ಳುವವನು ಹೆಚ್ಚು ತೆರಬೇಕು, ನಿಜ. ಆದರೂ ಗಟ್ಟಿಯಾದ ಕವಚ, ಮೋಟಾರು, ಗಾಲಿಗಳನ್ನು ಬಿಸುಟು ಅವನ್ನೇ ಮತ್ತೆ ಕೊಳ್ಳುವುದು ಜಾಣತನವೆಂದು ನಾನು ಒಪ್ಪಲಾರೆ. ತೆಗೆದ ಬ್ಯಾಟರಿಯೂ ವ್ಯರ್ಥವಲ್ಲ. ನಮ್ಮ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನವಿದೆ. ಹಗಲಿನ ವಿದ್ಯುತ್ತನ್ನು ಇರುಳಿಗೆ ಕೂಡಿಡಲು, ಕಾರಿಗೆ ಸಾಲದಾದ ಬ್ಯಾಟರಿಗಳೂ ಒದಗಬಲ್ಲವು.

ಹಾಗೆಂದ ಮಾತ್ರಕ್ಕೆ ಎಲ್ಲ ಹಳೆಯ ಕಾರುಗಳೂ ಹೊಸ ಬ್ಯಾಟರಿಗೆ ಅರ್ಹವೆಂದಲ್ಲ. ಅಪಘಾತದಲ್ಲಿ ಪ್ರಯಾಣಿಕರನ್ನು ರಕ್ಷಿಸುವ ಗಾಳಿಚೀಲಗಳಿಲ್ಲದ, ತುಕ್ಕು ಹಿಡಿದ ಕಾರಿಗೆ ಎಂತಹ ಬ್ಯಾಟರಿ ಹಾಕಿದರೂ ಆ ಕೊರತೆ ನೀಗದು. ಅಂತಹ ಸಂಸಾರ ಹೊಸದನ್ನು ಕೊಳ್ಳುವುದೇ ಸರಿ.

ನನ್ನ ಆಕ್ಷೇಪವಿರುವುದು, ಒಡೆಯನಿಗೆ ಆಯ್ಕೆಯೇ ಇಲ್ಲದಂತಾಗುವುದಕ್ಕೆ. ನಮ್ಮ ದೇಶದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಪುನರ್ಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಬ್ಯಾಟರಿಯ ಆರೋಗ್ಯದ ಲೆಕ್ಕ ಒಡೆಯನಿಗೆ ದೊರೆಯಬೇಕೆಂದು ಐರೋಪ್ಯ ಒಕ್ಕೂಟ 2023ರ ಕಾನೂನಿನಲ್ಲಿ ವಿಧಿಸಿದೆ. ನಮ್ಮಲ್ಲಿಯೂ ಅಂತಹ ವಿಧಿ ಬರಬೇಕು. ತಯಾರಿಕೆ ನಿಂತ ಮೇಲೆಯೂ ಹದಿನೈದು ವರ್ಷಗಳ ಕಾಲ ಬ್ಯಾಟರಿಯನ್ನು ಕಂತೆಕಂತೆಯಾಗಿ ಮಾರಬೇಕೆಂಬ ಕಟ್ಟಳೆಯೂ ಬೇಕು. ಅದು ಬರುವವರೆಗೆ, ಕಾರು ಕೊಳ್ಳುವವರು ಬಣ್ಣವನ್ನು ಆರಿಸುವ ಮೊದಲು ಹತ್ತನೆಯ ವರ್ಷದಲ್ಲಿ ಬ್ಯಾಟರಿ ಎಲ್ಲಿ ಸಿಗುವುದೆಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಲಿ.