ಕೆನ್ನೆಯ ಮೇಲಿನ ತಲೆಬುರುಡೆ

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಟ್ರಂಕಿನಲ್ಲಿ ಫ್ಯಾಂಟಮ್‌ನ ಒಂದು ಇಂದ್ರಜಾಲ ಕಾಮಿಕ್ಸ್ ಸಿಕ್ಕಿತು. ರಕ್ಷಾಪುಟವಿಲ್ಲ, ಕೊನೆಯ ಎರಡು ಹಾಳೆಯೂ ಇಲ್ಲ. ಪಿನ್ನು ತುಕ್ಕು ಹಿಡಿದು ಉದುರಿದ ಮೇಲೆ ಅಮ್ಮ ದಬ್ಬಣದಲ್ಲಿ ಹಾಕಿಕೊಟ್ಟ ಬಿಳಿ ದಾರ ಮಾತ್ರ ಇನ್ನೂ ಗಟ್ಟಿ. ಗುಡಿಸುವ ಕೆಲಸ ಅಲ್ಲಿಗೇ ನಿಂತಿತು.

ಫ್ಯಾಂಟಮ್ ಅಂದರೆ ನಮಗೆ ಮೊದಲು ಉಂಗುರ. ಬಲಗೈಯಲ್ಲಿ ಗುದ್ದಿದರೆ ಕೇಡಿಯ ದವಡೆಯ ಮೇಲೆ ತಲೆಬುರುಡೆ. ಏನು ಮಾಡಿದರೂ ಅಳಿಸದು. ಐದನೇ ಕ್ಲಾಸಿನಲ್ಲಿ ನಾವು ರಬ್ಬರನ್ನು ಬ್ಲೇಡಿನಿಂದ ಕೆತ್ತಿ, ಇಂಕು ಸವರಿ, ಪಕ್ಕದವನ ಕೆನ್ನೆಗೆ ಒತ್ತುತ್ತಿದ್ದೆವು. ಮೇಷ್ಟರಿಗೆ ಸಿಕ್ಕಿಬಿದ್ದ ದಿನ ನಮ್ಮ ಕೆನ್ನೆಯ ಮೇಲೂ ಗುರುತು ಮೂಡಿತು. ಅವರಿಗೆ ಉಂಗುರ ಬೇಕಾಗಲಿಲ್ಲ.

ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ವೀರನಿಗೆ ಹಾರಲು ಬಾರದು, ಗುಂಡು ತಾಗಿದರೆ ರಕ್ತ ಸುರಿಯುತ್ತದೆ. ಅವನ ಬಲವೆಲ್ಲ ಒಂದು ಗುಟ್ಟಿನಲ್ಲಿದೆ. ಸಾವೇ ಇಲ್ಲದವನೆಂದು ಕಾಡಿನವರು ನಂಬಿದ್ದು ಅಪ್ಪನ ಉಡುಪು ತೊಟ್ಟ ಮಗನನ್ನು. ನಾವು ಓದುತ್ತಿದ್ದವನು 21ನೆಯವನು. ಕಾಡಿನ ಬಹುಪಾಲು ಜನಕ್ಕೆ ತಿಳಿಯದ್ದು ಮೂರನೇ ಬೆಂಚಿನ ನಮಗೆ ಗೊತ್ತು! ಕೋಣೆಗೆ ಕಾಲಿಟ್ಟರೆ ದೊಡ್ಡವರು ಮಾತು ನಿಲ್ಲಿಸುತ್ತಿದ್ದ ವಯಸ್ಸಿನಲ್ಲಿ ಆ ಹಮ್ಮು ಸಣ್ಣದಾಗಿರಲಿಲ್ಲ.

ಈಗ ಓದಿದರೆ ಬೇರೆಯದೂ ಕಣ್ಣಿಗೆ ಬೀಳುತ್ತದೆ. ಆಫ್ರಿಕಾದ ಕಾಡಿನಲ್ಲಿ ನ್ಯಾಯ ಹೇಳಲು ತಲೆಬುರುಡೆಯ ಸಿಂಹಾಸನದ ಮೇಲೆ ಬಿಳಿಯನೇ ಏಕೆ ಕೂರಬೇಕು? ಮೂಲದಲ್ಲಿ ಆ ನಾಡಿಗಿದ್ದ ‘ಬಂಗಾಲಾ’ ಎಂಬ ಹೆಸರು ನಮ್ಮ ಬಂಗಾಳವನ್ನು ನೆನಪಿಸೀತೆಂದು ಇಂದ್ರಜಾಲದವರು ‘ಡೆಂಕಾಲಿ’ ಮಾಡಿದರು. ‘ಸಿಂಗ್’ ಕಡಲ್ಗಳ್ಳರನ್ನು ‘ಸಿಂಗ’ ಮಾಡಿದರು. ನಮಗೆ ನೋವಾಗದಿರಲು ಎರಡು ಹೆಸರು ತಿದ್ದಿದ್ದು ಸಾಕಾಯಿತು. ಸಿಂಹಾಸನವನ್ನು ಯಾರೂ ಮುಟ್ಟಲಿಲ್ಲ, ನಾವೂ ಕೇಳಲಿಲ್ಲ. ಹಾಗೆಂದು ಪ್ರೀತಿಯೇನೂ ಕಡಿಮೆಯಾಗಿಲ್ಲ. ಜೊತೆಗೆ ಸ್ವಲ್ಪ ಮುಜುಗರ ಬಂದು ಕೂತಿದೆ, ಅಷ್ಟೆ.

ಫ್ಯಾಂಟಮ್ ಕಂಡರೆ ಸಿಡುಕುತ್ತಿದ್ದ ಹಿರಿಯರು ಅಮರ ಚಿತ್ರಕಥೆಯನ್ನು ತಾವೇ ಕಾಸು ಕೊಟ್ಟು ತರುತ್ತಿದ್ದರು. 1964ರಲ್ಲಿ ಶುರುವಾದ ಇಂದ್ರಜಾಲಕ್ಕಾಗಿ ದುಡಿದ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರೇ 1967ರಲ್ಲಿ ಅದಕ್ಕೂ ಕೈಹಾಕಿದ್ದೆಂದು ನಮ್ಮ ಮನೆಯಲ್ಲಂತೂ ಯಾರಿಗೂ ಗೊತ್ತಿರಲಿಲ್ಲ. ಆ ಮಾಲೆಯಲ್ಲಿ ‘ಕೃಷ್ಣ’ನ ಸಂಖ್ಯೆ 11. ಮೊದಲ ಹತ್ತು ಸಿಂಡ್ರೆಲಾಳಂಥ ಪರದೇಶದ ಕಥೆಗಳು. ಪರಮಾತ್ಮನೂ ಸರದಿಯಲ್ಲಿ ನಿಂತೇ ಬಂದ.

ಇಂದ್ರಜಾಲ 1990ರಲ್ಲಿ ನಿಂತುಹೋಯಿತು. ಕಾದಂಬರಿಗೆ ಬಟ್ಟೆಯ ಬೈಂಡು ಹಾಕಿಸಿಟ್ಟ ಮನೆಗಳಲ್ಲೂ ಕಾಮಿಕ್ಸ್ ರದ್ದಿಯವನ ತಕ್ಕಡಿಗೇ ಹೋಯಿತು. ನಿಮ್ಮ ಅಟ್ಟದಲ್ಲಿ ಕನ್ನಡದ ಒಂದೆರಡು ಪ್ರತಿ ಉಳಿದಿದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ನನ್ನ ಪ್ರತಿಯಲ್ಲಿ ಫ್ಯಾಂಟಮ್‌ನ ಪ್ರಿಯತಮೆ ಡಯಾನಾಳನ್ನು ಕಡಲ್ಗಳ್ಳರು ಹಡಗಿನ ತಳಕ್ಕೆ ಇಳಿಸಿ ಬಾಗಿಲು ಹಾಕಿದ್ದಾರೆ, ಅಲ್ಲಿಗೆ ಹಾಳೆ ಮುಗಿದಿದೆ. ಮುಂದೇನಾಯಿತೆಂದು ಬಲ್ಲವರು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ.