ತುಂಬಲು ಬಿಡದ ಬ್ಯಾಂಕುಗಳು

ಸುರಕ್ಷತೆ ಎಂಬ ಮಾತಿಗೆ ನಮ್ಮಲ್ಲಿ ಈಚೆಗೆ ಬಂದಿರುವ ಮರ್ಯಾದೆ ಬಹಳ ದೊಡ್ಡದು. ಒಂದು ಸಂಸ್ಥೆಯವರು ಜನಕ್ಕೆ ಏನು ತೊಂದರೆ ಕೊಟ್ಟರೂ ಸರಿಯೆ, ಅದರ ಕೆಳಗೆ ‘ಇದು ನಿಮ್ಮ ಸುರಕ್ಷತೆಗಾಗಿ’ ಎಂದು ಒಂದು ಸಾಲು ಸೇರಿಸಿಬಿಟ್ಟರೆ ತೀರಿತು. ಆಮೇಲೆ ಎದುರು ಮಾತಾಡುವವನು ತಿಳಿಗೇಡಿಯೋ ಕಳ್ಳನೋ ಆಗಿರಬೇಕೆಂದು ಎಲ್ಲರೂ ಭಾವಿಸುತ್ತಾರೆ. ಈ ಎರಡು ಬಿರುದುಗಳಲ್ಲಿ ಯಾವುದು ಬಂದರೂ ಬರಲಿ ಎಂದು ನಾನು ಇಂದು ಎದುರು ಮಾತಾಡಲು ಹೊರಟಿದ್ದೇನೆ.

ವಿಷಯ ಇಷ್ಟೇ. ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ನಾವು ಹತ್ತಾರು ಕಡೆ ಹೆಸರನ್ನೂ ಪಾಸ್‌ವರ್ಡನ್ನೂ ಕೊಟ್ಟು ಒಳಕ್ಕೆ ಹೋಗಬೇಕಾಗುತ್ತದೆ. ಒಮ್ಮೆ ಹೇಳಿಕೊಟ್ಟರೆ ಇವನ್ನು ಜ್ಞಾಪಕದಲ್ಲಿಟ್ಟುಕೊಂಡು ಮುಂದಿನ ಸಲ ತಾನೇ ತುಂಬಿಕೊಡುವ ಅನುಕೂಲವೊಂದುಂಟು. ಅದನ್ನು ಆಟೋಫಿಲ್ ಎನ್ನುತ್ತಾರೆ. ಇದು ನಿನ್ನೆ ಮೊನ್ನೆಯದಲ್ಲ. ೧೯೯೯ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಐದನೆಯ ಆವೃತ್ತಿ ಬಂದಾಗಲೇ ಇದರ ಒಂದು ರೂಪ ಬಳಕೆಯಲ್ಲಿತ್ತು. ೨೦೧೭ರಲ್ಲಿ ಆಂಡ್ರಾಯ್ಡಿನ ಎಂಟನೆಯ ಆವೃತ್ತಿಯೊಡನೆ ಅದು ಫೋನಿನ ಆಪ್‌ಗಳ ಒಳಕ್ಕೂ ಬಂದಿತು. ಇಂದು ಜೇಬಿನಲ್ಲಿ ಒಂದು ಸಾಧಾರಣ ಫೋನು ಉಳ್ಳ ಯಾರಿಗೂ ಈ ಸೇವಕ ಲಭ್ಯ, ಸಂಬಳವಿಲ್ಲದೆ.

ಹೀಗಿದ್ದರೂ ನಮ್ಮ ಹಲವು ಬ್ಯಾಂಕುಗಳ ಪುಟಗಳಲ್ಲಿ ಈ ಸೇವಕನನ್ನು ಬಾಗಿಲಲ್ಲೇ ತಡೆಯುತ್ತಾರೆ. ಪಾಸ್‌ವರ್ಡಿನ ಚೌಕದಲ್ಲಿ ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಹೋದರೆ ಅದು ಅಂಟುವುದಿಲ್ಲ. ಯಂತ್ರ ತಾನೇ ತುಂಬಿದರೆ ಪುಟ ಅದನ್ನು ಅಳಿಸಿಹಾಕುತ್ತದೆ. ಇನ್ನು ಕೆಲವೆಡೆ ಪರದೆಯ ಮೇಲೆಯೇ ಅಕ್ಷರಗಳ ಒಂದು ಮಣೆ ಮೂಡುತ್ತದೆ. ಅದರ ಮೇಲಿನ ಅಕ್ಷರಗಳು ಪ್ರತಿ ಸಲವೂ ಸ್ಥಳ ಬದಲಾಯಿಸಿಕೊಂಡು ಕಣ್ಣಾಮುಚ್ಚಾಲೆ ಆಡುತ್ತವೆ. ಹುಡುಕಿ ಹುಡುಕಿ ಒತ್ತಬೇಕು. ಈ ತಡೆಯಿಂದ ನಮಗೆ ಸುರಕ್ಷತೆ ದೊರೆಯುವುದಿಲ್ಲ, ಇದ್ದ ಸುರಕ್ಷತೆಯೂ ಹೋಗುತ್ತದೆ ಎಂಬುದು ನನ್ನ ವಾದ.

ನಮ್ಮ ನೆರೆಮನೆಯಲ್ಲಿ ಒಬ್ಬರು ನಿವೃತ್ತ ಉಪಾಧ್ಯಾಯರಿದ್ದಾರೆ. ಪಿಂಚಣಿ ಬರುವ ಬ್ಯಾಂಕಿನ ಹೆಸರು ಇಲ್ಲಿ ಬೇಡ. ಮಗ ಊರಿಗೆ ಬಂದಿದ್ದಾಗ ಹದಿನಾರು ಅಕ್ಷರಗಳ ಗಟ್ಟಿಯಾದ ಪಾಸ್‌ವರ್ಡನ್ನು ಫೋನಿನ ಯಂತ್ರದಿಂದಲೇ ಮಾಡಿಸಿ, ಅದರಲ್ಲಿಯೇ ಭದ್ರವಾಗಿಟ್ಟು ಹೋದ. ಬ್ಯಾಂಕಿನ ಪುಟ ಅದನ್ನು ತುಂಬಗೊಡಲಿಲ್ಲ. ಹದಿನಾರು ಅಕ್ಷರಗಳನ್ನು ಒಂದೊಂದಾಗಿ ಆ ಅಲೆದಾಡುವ ಮಣೆಯ ಮೇಲೆ ಒತ್ತುವುದರಲ್ಲಿ ಮೂರು ಸಲ ತಪ್ಪಿ ಖಾತೆಗೆ ಬೀಗ ಬಿತ್ತು. ಕಡೆಗೆ ಅವರು ಮಾಡಿದ್ದೇನು? ಮೊಮ್ಮಗಳ ಹೆಸರು, ಅದರ ಮುಂದೆ ಅವಳು ಹುಟ್ಟಿದ ವರ್ಷ, ಕಡೆಯಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ. ಬ್ಯಾಂಕಿನ ಪುಟ ಬಹಳ ಸಂತೋಷದಿಂದ ‘ಉತ್ತಮ’ ಎಂದು ಹಸಿರು ಗೆರೆ ಎಳೆಯಿತು. ಅದನ್ನು ಅವರು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆದಿಟ್ಟಿದ್ದಾರೆ. ಕಾಫಿ ಕುಡಿಯಲು ಹೋದಾಗ ನಾನೇ ನೋಡಿದೆ.

“ಏನು ಸ್ವಾಮಿ ಇದು?” ಎಂದರೆ, “ನಾವು ಚಿಕ್ಕಂದಿನಲ್ಲಿ ಅಮರಕೋಶ ಬಾಯಿಪಾಠ ಮಾಡಿದವರು; ಜ್ಞಾಪಕಶಕ್ತಿಯನ್ನು ಯಂತ್ರಕ್ಕೆ ಒಪ್ಪಿಸಿದರೆ ಮನುಷ್ಯನಿಗೆ ಉಳಿಯುವುದೇನು? ಬ್ಯಾಂಕಿನವರು ಹೇಳುವುದೇ ಸರಿ” ಎಂದರು. ಕ್ಯಾಲೆಂಡರನ್ನು ಬೆನ್ನ ಹಿಂದಿಟ್ಟುಕೊಂಡು ಹೇಳಿದರು ಎಂಬುದನ್ನು ಬಿಟ್ಟರೆ ಮಾತು ಗಂಭೀರವಾದದ್ದೇ. ನಮ್ಮ ಜನ ಮಗ್ಗಿಯನ್ನೂ ಶ್ಲೋಕವನ್ನೂ ಕಂಠದಲ್ಲಿಟ್ಟುಕೊಂಡವರು ಎಂಬುದು ನಿಜ. ಆದರೆ ಅಮರಕೋಶಕ್ಕೆ ಛಂದಸ್ಸುಂಟು, ಅರ್ಥವುಂಟು. ಒಂದು ಪದ ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ. ಮಗ್ಗಿಯಲ್ಲಿ ಕ್ರಮವುಂಟು. ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲೇಬೇಕೆಂಬ, ಪ್ರಾಸವಿಲ್ಲದ, ಹೊಂದಿಕೆಯಿಲ್ಲದ ಗುಪ್ತಪದಗಳನ್ನು, ಅದೂ ವಿದ್ಯುತ್ತಿಗೊಂದು, ತೆರಿಗೆಗೊಂದು, ರೈಲಿಗೊಂದು, ವಿಮೆಗೊಂದು ಎಂದು ಐವತ್ತನ್ನು, ಜ್ಞಾಪಕದಲ್ಲಿಡು ಎಂದರೆ ಅಷ್ಟಾವಧಾನಿಯೂ ಕೈಮುಗಿದಾನು. ಒಳ್ಳೆಯದಾಗಬೇಕಾದರೆ ಪಾಸ್‌ವರ್ಡು ಅರ್ಥಹೀನವಾಗಿರಬೇಕು. ಅರ್ಥಹೀನವಾದದ್ದು ಮನಸ್ಸಿನಲ್ಲಿ ನಿಲ್ಲದು. ಇದಕ್ಕೆ ಜನ ಕಂಡುಕೊಂಡ ದಾರಿ ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆಯೂ ಬಳಸುವುದು. ಮನೆಗೂ ಅಂಗಡಿಗೂ ತಿಜೋರಿಗೂ ಒಂದೇ ಬೀಗದ ಕೈ! ಯಾವುದೋ ಬಟ್ಟೆ ಮಾರುವ ತಾಣದಿಂದ ಕಳ್ಳರು ಪಟ್ಟಿ ಕದ್ದರೆ, ಅದೇ ಕೀಲಿಯನ್ನು ಬ್ಯಾಂಕಿನ ಬಾಗಿಲಿಗೂ ಹಾಕಿ ನೋಡುವುದು ಅವರು ಮಾಡುವ ಮೊದಲನೆಯ ಕೆಲಸ.

ಜ್ಞಾಪಕದ ಪ್ರಶ್ನೆ ಹಾಗಿರಲಿ. ಅದಕ್ಕಿಂತ ದೊಡ್ಡದಾದ, ನಮ್ಮವರು ಗಮನಿಸದ ಸಂಗತಿ ಇನ್ನೊಂದಿದೆ.

ಇಂದು ನಮ್ಮ ಜನ ಹಣ ಕಳೆದುಕೊಳ್ಳುವ ಬಗೆ ಯಾವುದು? ಫೋನಿಗೆ ಒಂದು ಸಂದೇಶ ಬರುತ್ತದೆ. ‘ಬಿಲ್ಲು ಕಟ್ಟಿಲ್ಲ, ರಾತ್ರಿ ಒಂಬತ್ತೂವರೆಗೆ ನಿಮ್ಮ ಮನೆಯ ವಿದ್ಯುತ್ ನಿಲ್ಲಿಸಲಾಗುವುದು’ ಎಂದೋ, ‘ಕೆವೈಸಿ ಮುಗಿದಿದೆ, ಖಾತೆ ಸ್ಥಗಿತವಾಗಿದೆ’ ಎಂದೋ. ಕೆಳಗೆ ಒಂದು ಕೊಂಡಿ. ಒತ್ತಿದರೆ ನಮ್ಮ ಬ್ಯಾಂಕಿನ ಪುಟವೇ ತೆರೆದಂತಿರುತ್ತದೆ. ಅದೇ ಬಣ್ಣ, ಅದೇ ಲಾಂಛನ, ‘ನಿಮ್ಮ ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ’ ಎಂಬ ಅದೇ ಉಪದೇಶ. ವಿಳಾಸದಲ್ಲಿ ಮಾತ್ರ ಕೂದಲೆಳೆಯಷ್ಟು ವ್ಯತ್ಯಾಸ. ಕನ್ನಡದಲ್ಲಿ ಸೊನ್ನೆ ಎಂಬ ಅಂಕಿಯನ್ನೂ ಅನುಸ್ವಾರವನ್ನೂ ಕಣ್ಣಿನಿಂದ ಬೇರ್ಪಡಿಸುವುದು ಹೇಗೆ ಕಷ್ಟವೋ ಹಾಗೆಯೇ ಇಂಗ್ಲಿಷಿನಲ್ಲಿ ಆರ್ ಮತ್ತು ಎನ್ ಅಕ್ಷರಗಳನ್ನು ಒತ್ತಾಗಿ ಬರೆದರೆ ಎಮ್ ಆಗಿ ಕಾಣುತ್ತದೆ. ಚಾಳೀಸು ದಾಟಿದ ಕಣ್ಣು, ಅಂಗೈಯಗಲದ ಪರದೆ, ಕತ್ತಲಾದರೆ ದೀಪ ಆರೀತೆಂಬ ಗಾಬರಿ. ಮೋಸಹೋಗದಿದ್ದರೆ ಆಶ್ಚರ್ಯ.

ಕಣ್ಣು ಮೋಸಹೋಗುತ್ತದೆ, ಯಂತ್ರ ಹೋಗುವುದಿಲ್ಲ. ಪಾಸ್‌ವರ್ಡನ್ನು ಇಟ್ಟುಕೊಂಡಿರುವ ಯಂತ್ರ ಬಣ್ಣವನ್ನೂ ಲಾಂಛನವನ್ನೂ ನೋಡುವುದೇ ಇಲ್ಲ. ಯಾವ ವಿಳಾಸದಲ್ಲಿ ಆ ಪಾಸ್‌ವರ್ಡನ್ನು ಕೊಟ್ಟಿದ್ದೆವೋ ಆ ವಿಳಾಸಕ್ಕೆ ಅದನ್ನು ಗಂಟುಹಾಕಿ ಇಟ್ಟಿರುತ್ತದೆ; ಈಗ ತೆರೆದಿರುವ ಪುಟ ಅದೇ ವಿಳಾಸದ್ದೇ ಎಂದು ಅಕ್ಷರಕ್ಕಕ್ಷರ ಹೋಲಿಸುತ್ತದೆ. ಹೊಂದಿದರೆ ತುಂಬಲು ಮುಂದೆ ಬರುತ್ತದೆ, ಹೊಂದದಿದ್ದರೆ ಸುಮ್ಮನಿರುತ್ತದೆ. ಆಟೋಫಿಲ್ಲಿನ ಗುಣ ಎಂದರೆ ಅದು ತುಂಬುವುದು ಎಂದು ಎಲ್ಲರೂ ತಿಳಿದಿದ್ದಾರೆ. ನನ್ನನ್ನು ಕೇಳಿದರೆ ಅದರ ದೊಡ್ಡ ಗುಣ ಅದು ಸುಮ್ಮನಿರುವುದು. ಮನೆಯ ಹಳೆಯ ನಾಯಿ ಪರಿಚಯದವರಿಗೆ ಬಾಲವಾಡಿಸಿ, ಅದೇ ಅಂಗಿ ತೊಟ್ಟು ಬಂದ ಬೇರೆಯವನ ಮುಂದೆ ಅಲುಗದೆ ನಿಂತರೆ ಒಳಗಿನವರು ಎಚ್ಚರಗೊಳ್ಳುತ್ತಾರಲ್ಲವೆ? ‘ದಿನಾ ತಾನಾಗಿ ತುಂಬುತ್ತಿತ್ತು, ಇವತ್ತೇಕೆ ತುಂಬಲಿಲ್ಲ?’ ಎಂಬ ಒಂದು ಕ್ಷಣದ ಅನುಮಾನ ಎಷ್ಟೋ ಜನರ ಉಳಿತಾಯವನ್ನು ಉಳಿಸಬಲ್ಲದು.

ಬ್ಯಾಂಕಿನವರು ಮಾಡಿರುವ ಅನಾಹುತ ಇಲ್ಲಿದೆ. ನಿಜವಾದ ಪುಟದಲ್ಲಿಯೂ ಯಂತ್ರ ಸುಮ್ಮನಿರುವಂತೆ ಅವರು ಮಾಡಿದ್ದಾರೆ. ಅಸಲಿ ಪುಟದಲ್ಲಿಯೂ ಕೈಯಿಂದ ಒತ್ತಬೇಕು, ನಕಲಿ ಪುಟದಲ್ಲಿಯೂ ಕೈಯಿಂದ ಒತ್ತಬೇಕು ಎಂದಾದ ಮೇಲೆ ವ್ಯತ್ಯಾಸ ತಿಳಿಯುವ ಬಗೆ ಯಾವುದು? ಕೇಳಿದ ಕಡೆಯಲ್ಲೆಲ್ಲ ಪಾಸ್‌ವರ್ಡನ್ನು ಒತ್ತುವ ಅಭ್ಯಾಸವನ್ನು ಗ್ರಾಹಕನಿಗೆ ಹೀಗೆ ಶಿಸ್ತಾಗಿ ಕಲಿಸಿ, ಆಮೇಲೆ ‘ನಕಲಿ ಪುಟಗಳ ಬಗ್ಗೆ ಜಾಗ್ರತೆ’ ಎಂದು ಸಂದೇಶ ಕಳಿಸುತ್ತಾರೆ. ಕಳ್ಳನಿಗೆ ಇದಕ್ಕಿಂತ ಹೆಚ್ಚಿನ ಉಪಕಾರವನ್ನು ಅವನ ಸೋದರಮಾವನೂ ಮಾಡಲಾರ.

ಪರದೆಯ ಮೇಲಿನ ಅಕ್ಷರಮಣೆಗೆ ಒಂದು ಕಾಲದಲ್ಲಿ ಅರ್ಥವಿತ್ತು ಎಂಬುದನ್ನು ಅಲ್ಲಗಳೆಯುವುದಿಲ್ಲ. ಮನೆಯಲ್ಲಿ ಕಂಪ್ಯೂಟರು ಇಲ್ಲದ ದಿನಗಳಲ್ಲಿ ಜನ ಸೈಬರ್ ಕೆಫೆಗೆ ಹೋಗಿ ಬ್ಯಾಂಕಿನ ಕೆಲಸ ಮಾಡುತ್ತಿದ್ದರು. ಅಲ್ಲಿಯ ಕೀಲಿಮಣೆಯಲ್ಲಿ ಒತ್ತಿದ ಅಕ್ಷರಗಳನ್ನೆಲ್ಲ ಗುಟ್ಟಾಗಿ ಬರೆದುಕೊಳ್ಳುವ ತಂತ್ರಗಳಿದ್ದವು. ಅದಕ್ಕೆ ಮದ್ದಾಗಿ ಬಂದದ್ದು ಈ ಮಣೆ. ಈಗ ರೋಗವೇ ಬೇರೆ, ಮದ್ದು ಮಾತ್ರ ಅದೇ. ಅಷ್ಟಲ್ಲದೆ ಪರದೆಯ ಮೇಲೆ ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತುವಾಗ ಹಿಂದೆ ನಿಂತವನಿಗೆ ಅದು ಪಾಠ ಹೇಳಿಕೊಟ್ಟಂತೆ ಕಾಣುತ್ತದೆ.

ಇದು ನನ್ನೊಬ್ಬನ ಹುಚ್ಚುವಾದವೆಂದು ವಾಚಕರು ತಿಳಿಯಬಾರದು. ಬ್ರಿಟನ್ನಿನ ರಾಷ್ಟ್ರೀಯ ಸೈಬರ್ ಸುರಕ್ಷಾ ಕೇಂದ್ರದವರು ೨೦೧೭ರಲ್ಲಿಯೇ, ಪಾಸ್‌ವರ್ಡನ್ನು ಅಂಟಿಸಲು ಜನರನ್ನು ಬಿಡಿ, ತಡೆಯುವುದಕ್ಕೆ ಒಳ್ಳೆಯ ಕಾರಣವೇ ಇಲ್ಲ ಎಂಬ ಅರ್ಥದಲ್ಲಿ ಬರೆದರು. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಸ್ಟ್ಯಾಂಡರ್ಡ್ಸ್ ಅಂಡ್ ಟೆಕ್ನಾಲಜಿ ಎಂಬ ಸಂಸ್ಥೆ ಅದೇ ವರ್ಷದ ತನ್ನ ಮಾರ್ಗಸೂಚಿಯಲ್ಲಿ ಅಂಟಿಸಲು ಬಿಡುವುದು ಒಳ್ಳೆಯದು ಎಂದಿತು. ೨೦೨೫ರ ಪರಿಷ್ಕೃತ ಆವೃತ್ತಿಯಲ್ಲಿ ಪಾಸ್‌ವರ್ಡ್ ಇಟ್ಟುಕೊಳ್ಳುವ ಯಂತ್ರಗಳಿಗೂ ಆಟೋಫಿಲ್ಲಿಗೂ ಅವಕಾಶ ಕೊಡತಕ್ಕದ್ದು ಎಂದಿದೆ. ‘ಒಳ್ಳೆಯದು’ ಎಂಬುದಕ್ಕೂ ‘ತಕ್ಕದ್ದು’ ಎಂಬುದಕ್ಕೂ ಇರುವ ಅಂತರವನ್ನು ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ವಿವರಿಸಬೇಕಾಗಿಲ್ಲ. ಅವರ ಸೂಚಿ ಅವರ ಸರ್ಕಾರದ ಇಲಾಖೆಗಳಿಗೆ, ನಮಗೆ ಅದು ಕಟ್ಟಲೆಯಲ್ಲ, ಒಪ್ಪಿದೆ. ಆದರೆ ದೊಡ್ಡಕ್ಷರ-ಅಂಕಿ-ಚಿಹ್ನೆಗಳ ನಿಯಮ, ಆಗಾಗ ಪಾಸ್‌ವರ್ಡ್ ಬದಲಾಯಿಸಬೇಕೆಂಬ ನಿಯಮ ಇವನ್ನು ಅದೇ ಸಂಸ್ಥೆಯ ೨೦೦೩ರ ಕಾಗದದ ಕಾಲದಿಂದ ಜಗತ್ತೆಲ್ಲ ಕಣ್ಣಿಗೊತ್ತಿಕೊಂಡು ಪಾಲಿಸುತ್ತ ಬಂದಿದೆ. ಆ ಕಾಗದವನ್ನು ಬರೆದ ಬಿಲ್ ಬರ್ ಎಂಬವರೇ ೨೦೧೭ರಲ್ಲಿ ತಾವು ಅಂದು ಹೇಳಿದ್ದರ ಬಹುಭಾಗಕ್ಕೆ ವಿಷಾದಪಟ್ಟರು. ಬರೆದವರು ಕೈಬಿಟ್ಟ ನಿಯಮವನ್ನು ನಮ್ಮವರು ಇನ್ನೂ ಮಡಿಯುಟ್ಟು ಆಚರಿಸುತ್ತಿದ್ದಾರೆ. ಬ್ರೌಸರು ಮಾಡುವವರಂತೂ ೨೦೧೩-೧೪ರಿಂದಲೇ, ‘ತುಂಬಬೇಡ’ ಎಂದು ಪುಟಗಳು ಕೊಡುವ ಆಜ್ಞೆಯನ್ನು ಪಾಸ್‌ವರ್ಡಿನ ಮಟ್ಟಿಗೆ ಕಿವಿಗೆ ಹಾಕಿಕೊಳ್ಳುವುದನ್ನು ಬಿಟ್ಟರು. ಆಮೇಲೆ ಅಡ್ಡದಾರಿಯ ತಡೆಗಳನ್ನು ಕಟ್ಟಿದ್ದು ಬ್ಯಾಂಕಿನಂಥವರ ಜಾಣತನ.

ಎದುರುಪಕ್ಷದಲ್ಲಿ ಹುರುಳಿಲ್ಲವೆ? ಉಂಟು. ೨೦೧೭ರ ಆರಂಭದಲ್ಲಿ ಫಿನ್ಲೆಂಡಿನ ಒಬ್ಬ ತಂತ್ರಜ್ಞರು ಒಂದು ಫಾರಂ ಮಾಡಿ ತೋರಿಸಿದರು. ಕಣ್ಣಿಗೆ ಕಾಣುವುದು ಹೆಸರು ಮತ್ತು ಇಮೇಲ್ ಎಂಬ ಎರಡೇ ಚೌಕಗಳು. ಕಾಣದಂತೆ ಬಚ್ಚಿಟ್ಟ ಚೌಕಗಳಲ್ಲಿ ಫೋನು, ಮನೆಯ ವಿಳಾಸ ಮುಂತಾದುವನ್ನು ಬ್ರೌಸರು ಧಾರಾಳವಾಗಿ ತುಂಬಿಬಿಡುತ್ತಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು, ಜನರ ಹಿಂದೆ ಬೀಳುವ ಜಾಹೀರಾತಿನವರು ಪುಟಗಳಲ್ಲಿ ಅದೃಶ್ಯ ಚೌಕಗಳನ್ನಿಟ್ಟು, ಬ್ರೌಸರು ತಾನಾಗಿ ತುಂಬಿದ ಇಮೇಲನ್ನು ಗುರುತಿಗಾಗಿ ಹೆಕ್ಕಿಕೊಳ್ಳುತ್ತಿದ್ದುದನ್ನು ಬಯಲಿಗೆಳೆದರು. ಇವು ನಿಜವಾದ ದೋಷಗಳೇ. ಆದರೆ ಮೊದಲನೆಯದು ಪಾಸ್‌ವರ್ಡಿನದಲ್ಲ. ಹೆಸರು, ವಿಳಾಸ, ಫೋನು ಇವು ಯಾವ ಒಂದು ತಾಣಕ್ಕೂ ಗಂಟುಬಿದ್ದಿಲ್ಲದ್ದರಿಂದ ಕೇಳಿದವರಿಗೆಲ್ಲ ಯಂತ್ರ ಅವನ್ನು ನೀಡಬಲ್ಲದು; ಆ ಕೆಲಸದಲ್ಲಿ ಅದನ್ನು ನಾನು ನಂಬುವುದಿಲ್ಲ, ನಂಬಿ ಎಂದು ಹೇಳುವುದೂ ಇಲ್ಲ. (ನಮ್ಮ ಹೆಸರುಗಳನ್ನು ಅದು ಕೆಡಿಸುವ ರೀತಿಯೂ ಸಾಮಾನ್ಯವಲ್ಲ. ಊರಿನ ಅಕ್ಷರ, ತಂದೆಯ ಅಕ್ಷರ ಮುಂದಿಟ್ಟುಕೊಂಡ ಕನ್ನಡಿಗನಿಗೆ ‘ಕಡೆಯ ಹೆಸರು’ ಎಂಬುದು ಯಾವುದು? ಯಂತ್ರ ಒಂದು ಕಡೆ ತಂದೆಯನ್ನೂ ಇನ್ನೊಂದು ಕಡೆ ಊರನ್ನೂ ನನ್ನ ವಂಶನಾಮವಾಗಿ ಮಾಡಿಟ್ಟಿದೆ.) ಎರಡನೆಯ ದೋಷಕ್ಕೆ ಪರಿಹಾರ ಸುಲಭ: ಪುಟ ತೆರೆದೊಡನೆ ತುಂಬದೆ, ನಾವು ಬೆರಳು ಮುಟ್ಟಿಸಿದ ಮೇಲೆ ತುಂಬುವಂತೆ ಯಂತ್ರವನ್ನು ಇಟ್ಟುಕೊಳ್ಳುವುದು.

‘ಫೋನೇ ಕಳೆದುಹೋದರೆ?’ ಎಂದು ಕೇಳುವವರಿದ್ದಾರೆ. ಫೋನಿಗೆ ಬೆರಳಿನ ಬೀಗವಿರಬೇಕು, ತುಂಬುವ ಮುನ್ನ ಅದು ಮತ್ತೊಮ್ಮೆ ಬೆರಳನ್ನು ಕೇಳುವಂತಿರಬೇಕು. ಗೋಡೆಯ ಕ್ಯಾಲೆಂಡರಿಗೆ ಬೀಗವಿಲ್ಲ.

ಇನ್ನೊಂದು ಈಚಿನ ಸಂಗತಿಯಿಂದ ಈ ಮಾತು ಇನ್ನಷ್ಟು ತುರ್ತಾಗಿದೆ. ರಿಸರ್ವ್ ಬ್ಯಾಂಕು ೨೦೨೫ರ ಏಪ್ರಿಲ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿ, ಬ್ಯಾಂಕುಗಳೆಲ್ಲ ಆ ವರ್ಷದ ಅಕ್ಟೋಬರ್ ೩೧ರ ಒಳಗಾಗಿ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಹೋಗಬೇಕೆಂದು ಆಜ್ಞೆ ಮಾಡಿತು. ಆ ವಿಳಾಸವನ್ನು ಹಂಚುವ ಅಧಿಕಾರ ರಿಸರ್ವ್ ಬ್ಯಾಂಕೇ ಸ್ಥಾಪಿಸಿದ, ಹೈದರಾಬಾದಿನ ಒಂದು ಸಂಸ್ಥೆಗೆ ಮಾತ್ರ ಇರುವುದರಿಂದ ಕಂಡಕಂಡವರು ಅದನ್ನು ಕೊಳ್ಳಲಾಗದು. ಒಳ್ಳೆಯ ಕೆಲಸ, ತಡವಾಗಿಯಾದರೂ ಆಯಿತು. ಆದರೆ ಇದರ ಪರಿಣಾಮವೊಂದನ್ನು ಗಮನಿಸಬೇಕು. ಹಳೆಯ ವಿಳಾಸಕ್ಕೆ ಗಂಟುಹಾಕಿಟ್ಟ ಪಾಸ್‌ವರ್ಡನ್ನು ಹೊಸ ವಿಳಾಸದಲ್ಲಿ ಯಂತ್ರ ತಾನಾಗಿ ತುಂಬಲೊಲ್ಲದು. ಅದರ ದೃಷ್ಟಿಯಲ್ಲಿ ಹೊಸ ಮನೆ ಪರರ ಮನೆ. ಅಂದರೆ ಯಂತ್ರ ನ್ಯಾಯವಾಗಿಯೇ ಸುಮ್ಮನಿರುವ ಸಂದರ್ಭ ಇದು, ಕಳ್ಳರು ಕಾಯುವ ಸಂದರ್ಭವೂ ಇದೇ. ‘ನಮ್ಮ ವಿಳಾಸ ಬದಲಾಗಿದೆ, ಇಲ್ಲಿ ಒತ್ತಿ’ ಎಂಬ ಸಂದೇಶವನ್ನು ಕಳಿಸಲು ಅವರಿಗೆ ಇದಕ್ಕಿಂತ ಒಳ್ಳೆಯ ನೆಪ ಸಿಕ್ಕೀತೆ? ಹೊಸ ವಿಳಾಸವನ್ನು ಒಮ್ಮೆ ಸರಿಯಾಗಿ ತೋರಿಸಿ, ಅದಕ್ಕೆ ಪಾಸ್‌ವರ್ಡನ್ನು ಗಂಟುಹಾಕಿಕೊಳ್ಳಲು ಗ್ರಾಹಕನಿಗೆ ನೆರವಾಗಿದ್ದರೆ ಮುಂದೆ ಯಂತ್ರವೇ ಕಾವಲು ಕಾಯುತ್ತಿತ್ತು. ತುಂಬುವುದನ್ನೇ ತಡೆದಿರುವ ಬ್ಯಾಂಕಿನವರಿಗೆ ಆ ನೆರವು ನೀಡುವ ದಾರಿಯೇ ಇಲ್ಲವಾಗಿದೆ.

ಆ ಉಪಾಧ್ಯಾಯರ ಪರವಾಗಿ ನಾನು ಅವರ ಬ್ಯಾಂಕಿಗೆ ಒಂದು ಪತ್ರ ಬರೆದಿದ್ದೆ. ಉತ್ತರ ಬಂತು: ‘ಗ್ರಾಹಕರ ಸುರಕ್ಷತೆಯ ದೃಷ್ಟಿಯಿಂದ ಈ ಸೌಲಭ್ಯವನ್ನು ಸ್ಥಗಿತಗೊಳಿಸಲಾಗಿದೆ.’ ಯಾವ ಅಪಾಯದಿಂದ ಸುರಕ್ಷತೆ, ತಡೆದ ಮೇಲೆ ಎಷ್ಟು ಜನ ಸುರಕ್ಷಿತರಾದರು, ಯಾರು ಯಾವಾಗ ಪರೀಕ್ಷಿಸಿ ನೋಡಿದರು ಎಂಬುದರ ಸುಳಿವಿಲ್ಲ. ಮರುಪತ್ರಕ್ಕೆ ಉತ್ತರವೂ ಇಲ್ಲ.

ಬ್ಯಾಂಕುಗಳಿಂದ ನಾನು ಬೇಡುವುದು ದೊಡ್ಡದೇನಲ್ಲ. ಪಾಸ್‌ವರ್ಡಿನ ಚೌಕಕ್ಕೆ ಹಾಕಿರುವ ತಡೆಯನ್ನು ತೆಗೆಯಲಿ. ಬರೆದಿರುವ ನಾಲ್ಕು ಸಾಲನ್ನು ಅಳಿಸಿದರೆ ಆಗುವ ಕೆಲಸ ಅದು. ಅಕ್ಷರಮಣೆ ಬೇಕೆನ್ನುವವರಿಗೆ ಇರಲಿ, ಬೇಡದವರ ಮೇಲೆ ಹೇರುವುದು ಬೇಡ. ಹೊಸ ವಿಳಾಸವನ್ನು ಸಂದೇಶದ ಕೊಂಡಿಯಾಗಿ ಕಳಿಸದೆ, ಪಾಸ್‌ಪುಸ್ತಕದ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಮುದ್ರಿಸಿ ಕೊಡಲಿ. ಅಷ್ಟು ಪುಸ್ತಕಗಳನ್ನು ಮತ್ತೆ ಅಚ್ಚುಮಾಡಿಸುವುದು ದುಬಾರಿ ಎಂದರೆ, ಪ್ರತಿಯೊಂದು ಶಾಖೆಯಲ್ಲೂ ಮೇಜಿನ ಮೇಲೆ ಹತ್ತಾರು ರಬ್ಬರ್ ಮೊಹರುಗಳಿವೆ. ಇನ್ನೊಂದನ್ನು ಮಾಡಿಸಿದರೆ ಸಾಕು.