ಎಕರೆಗೆ ಹನ್ನೊಂದು ದಿನದ ಕೂಲಿ



2023ರಲ್ಲಿ ಮಳೆ ಕೈಕೊಟ್ಟಿತು. ಸರ್ಕಾರ 223 ತಾಲ್ಲೂಕುಗಳಲ್ಲಿ ಬರ ಅಂತ ಸಾರಿತು. ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2024ರ ಏಪ್ರಿಲ್ ಕೊನೆಗೆ ಬಂದದ್ದು 3,454 ಕೋಟಿ. ನಡುವೆ ರಾಜ್ಯ ಕೊಟ್ಟ ಮೊದಲ ಕಂತು 2,000 ರೂಪಾಯಿ ದಾಟಲಿಲ್ಲ. ರಾಗಿ ಒಣಗಿದ್ದು ಯಾವಾಗ, ದುಡ್ಡು ಬಂದದ್ದು ಯಾವಾಗ!

ಕೋಟಿ ಲೆಕ್ಕ ಕೇಳೋಕೆ ದೊಡ್ಡದು. ಅದನ್ನು ಹೊಲಕ್ಕೆ ತಂದು ಅಳೆಯೋಣ. ಮಳೆಯಾಶ್ರಿತ ಬೆಳೆ ನೂರಕ್ಕೆ 33 ಪಾಲಾದರೂ ಹಾಳಾಗಿರಬೇಕಿತ್ತು. ಆಗ ಹೆಕ್ಟೇರಿಗೆ 8,500 ರೂಪಾಯಿ ಸಿಗುತ್ತಿತ್ತು, ಅದೂ ಎರಡು ಹೆಕ್ಟೇರಿಗೆ ಮಾತ್ರ. ಅಂದರೆ ಎಕರೆಗೆ ಸುಮಾರು 3,440. ಆ ವರ್ಷ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 316 ಇತ್ತು. ಭಾಗಿಸಿ ನೋಡಿ: ಉತ್ತು, ಗೊಬ್ಬರ ಹಾಕಿ, ಬಿತ್ತಿ, ಕಳೆ ತೆಗೆದ ಒಂದೆಕರೆಗೆ ಸರ್ಕಾರ ಕಟ್ಟಿದ ಬೆಲೆ ಹನ್ನೊಂದು ದಿನದ ಕೂಲಿ! ಸೊಸೈಟಿ ಸಾಲ, ಬಡ್ಡಿ ಯಾರು ತೀರಿಸಬೇಕು?

ಇಷ್ಟಾದರೂ ಎಲ್ಲರಿಗೂ ಸಿಗುತ್ತದೆಯೇ? ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲಿದ್ದರೆ, ಜಮೀನು ಫ್ರೂಟ್ಸ್ ಪಟ್ಟಿಗೆ ಸೇರದಿದ್ದರೆ, ಉತ್ತವನ ಕೈಗೆ ಕಾಸಿಲ್ಲ. ವಿರೂಪಾಕ್ಷಿಪುರದ ಸುತ್ತಿನ ರೈತರಿಗೆ ನನ್ನ ಮಾತಿಷ್ಟೆ: ಮುಂದಿನ ಬರಕ್ಕೆ ಕಾಯಬೇಡಿ. ಅಣ್ಣತಮ್ಮಂದಿರು ಕೂತು ಮಾತಾಡಿ ಪೌತಿ ಖಾತೆ ಈಗಲೇ ಮಾಡಿಸಿಕೊಳ್ಳಿ.

ನಮ್ಮ ಕೆಲಸ ನಾವು ಮಾಡಿ, ಆಮೇಲೆ ಒಟ್ಟಾಗಿ ಕೇಳೋಣ. ಬೇಸಾಯದ ಖರ್ಚು ನೋಡಿ ಪರಿಹಾರ ಕಟ್ಟಲಿ. ಬೆಳೆ ಹೋದ ಹಂಗಾಮಿನಲ್ಲೇ ಕೊಡಲಿ. ನಾವು ಕೇಳುತ್ತಿರುವುದು ದಾನವಲ್ಲ, ನಾಡಿಗೆ ಅನ್ನ ಹಾಕುವವನು ಮತ್ತೆ ಬಿತ್ತಲು ಬೇಕಾದ ಬೀಜದ ದುಡ್ಡು.